ಗ್ಲೈಡರಿನ ಹೊರಮೈಗೆ ಹೊಸ ಲೇಪ

ನಮ್ಮ ಕುಲಶೇಖರದಿಂದ ಬಸ್ಸು ಹಿಡಿದು ಬಂದರಿಗೆ ಇಳಿದರೆ, ಹೊಳೆಯಾಚೆ ಬೆಂಗ್ರೆಯ ಕಡೆ ಫೈಬರ್ ದೋಣಿಗಳನ್ನು ಕಾಣಬಹುದು. ಹೊಸತರಲ್ಲಿ ಕನ್ನಡಿಯಂತೆ ಹೊಳೆಯುವ ಅವುಗಳ ಮೈ ಕೆಲವು ವರ್ಷಗಳ ಬಿಸಿಲಿಗೆ ಮಂಕಾಗಿ, ಕೈಯಿಟ್ಟರೆ ಸುಣ್ಣದಂತಹ ಪುಡಿ ಅಂಟುತ್ತದೆ. ಎಂಜಿನ್ ಇಲ್ಲದೆ ಹಾರುವ ಗ್ಲೈಡರಿಗೂ ಇದೇ ವ್ಯಾಧಿ ಬರುತ್ತದೆಂದರೆ ವಾಚಕರಿಗೆ ಸೋಜಿಗವೆನಿಸೀತು. ಆದರೆ ಎರಡೂ ಒಂದೇ ಬಗೆಯ ತೊಗಲು ಹೊದ್ದವು.

ಮರ ಮತ್ತು ಬಟ್ಟೆಯಿಂದ ಕಟ್ಟುತ್ತಿದ್ದ ಗ್ಲೈಡರಿಗೆ ಗಾಜುನಾರಿನ ಮೈ ಮೊದಲು ಬಂದುದು ಜರ್ಮನಿಯಲ್ಲಿ. ಸ್ಟುಟ್‌ಗಾರ್ಟ್ ನಗರದ ವಿದ್ಯಾರ್ಥಿಗಳ ಬಳಗವೊಂದರಲ್ಲಿ ಮೊಳೆತ 'ಫೀನಿಕ್ಸ್' 1957ರಲ್ಲಿ ಹಾರಿತು. (ಕಾಲೇಜು ಹುಡುಗರ ಹವ್ಯಾಸ ಎಲ್ಲಿಯವರೆಗೆ ಮುಟ್ಟಬಲ್ಲುದು ನೋಡಿ!) ನಮ್ಮ ರಾಜ್ಯದಲ್ಲೇ, ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ನಾರು-ರಾಳದ ಮೈಯುಳ್ಳ 'ಹಂಸ' ಎಂಬ ತರಬೇತಿ ವಿಮಾನವನ್ನು 1993ರಲ್ಲಿ ಹಾರಿಸಿತು.

ಗ್ಲೈಡರನ್ನು ಕಟ್ಟುವಾಗ ಅಚ್ಚಿನೊಳಗೆ ಮೊದಲು ಜೆಲ್‌ಕೋಟ್ ಎಂಬ ಬಿಳಿಯ ರಾಳವನ್ನು ಸಿಂಪಡಿಸಿ, ಅದರ ಮೇಲೆ ಗಾಜುನಾರಿನ ಬಟ್ಟೆಯನ್ನು ರಾಳದಲ್ಲಿ ತೋಯಿಸಿ ಪದರ ಪದರವಾಗಿ ಹಾಸುತ್ತಾರೆ. ಅಚ್ಚಿನಿಂದ ಬಿಡಿಸಿದಾಗ ಮೊದಲು ಹಚ್ಚಿದುದೇ ಹೊರಮೈಯಾಗುತ್ತದೆ. ಬಲವೆಲ್ಲ ಒಳಗಿನ ನಾರಿನದು. ಜೆಲ್‌ಕೋಟಿನದು ಕಾವಲು ಮಾತ್ರ. ಬಿಳಿಯ ಬಣ್ಣವೂ ಬರಿಯ ಅಂದಕ್ಕಲ್ಲ. ಅನೇಕ ಗ್ಲೈಡರುಗಳ ಮೈ 54 ಡಿಗ್ರಿ ಸೆಂಟಿಗ್ರೇಡಿನ ಶಾಖದವರೆಗೆ ತಾಳುವಂತೆ ಲೆಕ್ಕ ಹಾಕಿದುದು. ಕಪ್ಪು ಮೈಯಾದರೆ ಬಿಸಿಲಿನಲ್ಲಿ ಆ ಎಲ್ಲೆಯನ್ನು ಬಲುಬೇಗ ದಾಟಿ ರಾಳ ಮೆತ್ತಗಾದೀತು.

ಬಿಸಿಲಿನ ನೇರಳಾತೀತ ಕಿರಣ, ತೇವ, ಎತ್ತರದ ಚಳಿ, ಹಾರುವಾಗ ರೆಕ್ಕೆಯ ಬಾಗಾಟ ಇವೆಲ್ಲ ಸೇರಿ ಜೆಲ್‌ಕೋಟನ್ನು ಪೆಡಸಾಗಿಸುತ್ತವೆ. ಕೂದಲೆಳೆಯಂತಹ ಬಿರುಕುಗಳು ಮೂಡಿ, ಕೊಳೆ ತುಂಬಿ ಕಪ್ಪು ಗೆರೆಗಳಾಗುತ್ತವೆ. ಉಪೇಕ್ಷಿಸಿದರೆ ಬಿರುಕು ನಾರಿನವರೆಗೂ ಇಳಿದೀತು.

ಇನ್ನು ಚಿಕಿತ್ಸೆ. ಬಣ್ಣ ತೆಗೆಯುವ ರಾಸಾಯನಿಕ ದ್ರವ ಇಲ್ಲಿ ಸಲ್ಲದು. ಅದು ಒಳಗಿನ ರಾಳವನ್ನೂ ತಿನ್ನುತ್ತದೆ. ಮರಳುಕಾಗದವೇ ಗತಿ. ಯಂತ್ರದಿಂದ ಉಜ್ಜಿದರೆ ಬೇಗ ಮುಗಿಯುತ್ತದೆ ನಿಜ, ಆದರೆ ಒಂದೇ ಕಡೆ ಕ್ಷಣ ನಿಂತರೂ ಕುಳಿ ಬೀಳುತ್ತದೆ. ಆದುದರಿಂದ ಬಲ್ಲವರು ಉದ್ದನೆಯ ಹಲಗೆಗೆ 80ರ ದರ್ಜೆಯ ಒರಟು ಕಾಗದ ಅಂಟಿಸಿ, ಮೂಗಿಗೆ ಮುಸುಕು ಕಟ್ಟಿ, ಕೈಯಿಂದಲೇ ಉಜ್ಜುತ್ತಾರೆ. ತೆಗೆಯಬೇಕಾದ ಪದರ ಒಂದು ಮಿಲಿಮೀಟರಿನಷ್ಟೂ ದಪ್ಪವಿಲ್ಲ. ಬಿಳುಪು ತೆಳುವಾಗಿ ಒಳಗಿನ ಛಾಯೆ ಇಣುಕತೊಡಗಿದೊಡನೆ ಕೈ ನಿಲ್ಲಬೇಕು. ನಾರು ಕಡಿದರೆ ರೆಕ್ಕೆಯ ಬಲವೇ ಕಡಿದಂತೆ. ನೂರಾರು ಗಂಟೆಗಳ ಈ ದುಡಿಮೆಯಲ್ಲಿ ಕಣ್ಣು ತೂಗಿದರೆ ಮುಂದೆ ಹಾರುವವನ ಪ್ರಾಣಕ್ಕೇ ಸಂಚಕಾರ. ಈ ಕೆಲಸವನ್ನು 'ಬಣ್ಣ ಬಳಿಯುವುದು' ಎಂದು ಕರೆಯಲು ನನಗೆ ಮನಸ್ಸಿಲ್ಲ.

ಬಳಿಕ ತಗ್ಗುಗಳನ್ನು ತುಂಬಿ, ಹೊಸ ಜೆಲ್‌ಕೋಟನ್ನೋ ಪಾಲಿಯುರೆಥೇನ್ ಬಣ್ಣವನ್ನೋ ಸಿಂಪಡಿಸಿ, ಒಣಗಿದ ಮೇಲೆ 320ರಿಂದ ತೊಡಗಿ 1000ದ ನಯಗಾಗದದವರೆಗೆ ಉಜ್ಜಿ ಮೆರುಗು ಕೊಡುತ್ತಾರೆ. ಸಿಂಪಡಿಸುವ ದಿನ ಗಾಳಿ ಒಣಗಿರಬೇಕು. ಗಟ್ಟಿಯಾಗಿಸುವ ದ್ರವ್ಯ ತೇವದೊಡನೆ ಸೇರಿದರೆ ಗುಳ್ಳೆ ಏಳುತ್ತದೆ. ನಮ್ಮ ಕರಾವಳಿಯ ಆಷಾಢದಲ್ಲಿ ಇದನ್ನು ಕೈಗೆತ್ತಿಕೊಳ್ಳುವ ಮಾತೇ ಇಲ್ಲ. ರೆಕ್ಕೆಯ ಮೇಲ್ಮೈ ಅಲೆಯಲೆಯಾಗಿ ಉಳಿದರೂ ಕೆಟ್ಟಿತು. ನಯವಾಗಿ ಸರಿಯಬೇಕಾದ ಗಾಳಿ ಕದಡಿ, ಗ್ಲೈಡರು ಬೇಗ ಎತ್ತರ ಕಳೆದುಕೊಳ್ಳುತ್ತದೆ.

ದೋಣಿಯ ದಾರಿ ಬೇರೆಯಾಗುವುದು ತೂಕದಲ್ಲಿ. ಮೀನುಗಾರನು ಹಳೆಯ ಬಣ್ಣದ ಮೇಲೊಂದು ಬಣ್ಣ ಬಳಿದರೆ, ಹೆಚ್ಚಿದ ನಾಲ್ಕಾರು ಕಿಲೋ ಲೆಕ್ಕಕ್ಕಿಲ್ಲ. ಗ್ಲೈಡರಿನ ಬಾಲದ ಚುಕ್ಕಾಣಿಯಲ್ಲಾಗಲಿ ರೆಕ್ಕೆಯ ಹಿಂದಂಚಿನ ಏಲೆರಾನಿನಲ್ಲಾಗಲಿ ಕೀಲಿನ ಹಿಂಬದಿಗೆ ಸ್ವಲ್ಪ ಲೇಪ ಹೆಚ್ಚಿದರೂ ಸಮತೋಲ ತಪ್ಪಿ, ವೇಗದಲ್ಲಿ ಅದು ಪಟಪಟನೆ ಅದುರತೊಡಗಿ ಮುರಿದೇ ಹೋಗಬಹುದು. ಆದುದರಿಂದ ಅಂತಹ ಭಾಗಗಳನ್ನು ಒಂದೊಂದಾಗಿ ತೂಗಿ, ಕೊನೆಗೆ ಇಡೀ ಗ್ಲೈಡರನ್ನು ತೂಗಿ, ಗುರುತ್ವಕೇಂದ್ರವನ್ನು ಮರಳಿ ಗುಣಿಸಿ ದಾಖಲೆಗೆ ಸೇರಿಸುತ್ತಾರೆ.

ಹಳೆಯ ಗ್ಲೈಡರುಗಳ ವಿಷಯದಲ್ಲಿ ಈ ಖರ್ಚು ಅವುಗಳ ಬೆಲೆಯನ್ನೇ ಮೀರುವುದುಂಟು. ಅದಕ್ಕೇ ಕೆಲವರು ಹೆಚ್ಚು ಬಿಸಿಲುಂಡ ರೆಕ್ಕೆಯ ಮೇಲ್ಭಾಗವನ್ನಷ್ಟೇ ಈ ವರ್ಷ ಮುಗಿಸಿ, ಉಳಿದುದಕ್ಕೆ ಮೇಣ ಹಚ್ಚಿ, ಹೊದಿಕೆ ಹೊದಿಸಿ ಮುಂದಕ್ಕೆ ಹಾಕುತ್ತಾರೆ.