ರೋಲ್ಸ್‌ರಾಯ್ಸ್ ಬಯಸುವ ಮೊದಲು ರಾಯ್ಸ್‌ನನ್ನು ತಿಳಿ

ಕಾರಿನ ಹುಚ್ಚಿದೆ ನಿನಗೆ. ಇರಲಿ, ಒಳ್ಳೆಯದೇ. ಬೆಂಗಳೂರಿನ ರಸ್ತೆಯಲ್ಲಿ ರೋಲ್ಸ್‌ರಾಯ್ಸ್ ಒಂದು ಸದ್ದಿಲ್ಲದೆ ಪಕ್ಕದಲ್ಲಿ ಹಾದುಹೋದರೆ ತಿರುಗಿ ನೋಡದವರು ಯಾರು? ಮೂತಿಯ ಮೇಲೆ ರೆಕ್ಕೆ ಹರಡಿ ಮುಂದಕ್ಕೆ ಬಾಗಿದ ಆ ಪುಟ್ಟ ಹೆಣ್ಣುಮೂರ್ತಿಯನ್ನು ಕಂಡು ‘ಒಂದಲ್ಲ ಒಂದು ದಿನ’ ಎಂದು ಮನಸ್ಸಿನಲ್ಲೇ ಅಂದುಕೊಳ್ಳುವ ಹುಡುಗರು ನಮ್ಮ ಊರಿನಲ್ಲಿ ಬಹಳ ಜನ ಇದ್ದಾರೆ. ಆ ಆಸೆಯನ್ನು ಬಿಡು ಎಂದು ನಾನು ಹೇಳುವುದಿಲ್ಲ. ಆ ಕಾರಿನ ಬೆಲೆ ನಿನಗೆ ಬಾಯಿಪಾಠವಾಗಿದೆ. ಆ ಹೆಸರು ಬಂದ ದಾರಿಯೂ ನಿನಗೆ ತಿಳಿದಿರಲಿ. ಹಿರಿಯನಾಗಿ ನಾನು ಹೇಳಬೇಕಾದದ್ದು ಅಷ್ಟೇ.

ಆ ಹೆಸರಿನ ಎರಡನೆಯ ಅರ್ಧದಿಂದ ಶುರುಮಾಡೋಣ. ಹೆನ್ರಿ ರಾಯ್ಸ್ 1863ರಲ್ಲಿ ಇಂಗ್ಲೆಂಡಿನ ಪೀಟರ್‌ಬರೋ ಪಟ್ಟಣದ ಹತ್ತಿರ ಹುಟ್ಟಿದವನು. ಅಪ್ಪ ಹಿಟ್ಟಿನ ಗಿರಣಿ ನಡೆಸಿ ಸೋತವನು. ಹುಡುಗನಿಗೆ ಒಂಬತ್ತು ವರ್ಷವಾಗುವಾಗ ಅಪ್ಪ ತೀರಿಕೊಂಡ. ಮಗ ಲಂಡನ್ನಿನಲ್ಲಿ ಪೇಪರ್ ಮಾರಿದ, ಮನೆಮನೆಗೆ ತಂತಿ ಹಂಚಿದ. ಶಾಲೆಯ ಮುಖ ನೋಡಿದ್ದು ಬಹಳ ಕಡಿಮೆ. ಚಿಕ್ಕಮ್ಮನೊಬ್ಬಳು ವರ್ಷಕ್ಕೆ 20 ಪೌಂಡ್ ಕಟ್ಟಿ ಅವನನ್ನು ರೈಲ್ವೆ ಕಾರ್ಖಾನೆಯಲ್ಲಿ ಕೆಲಸ ಕಲಿಯಲು ಸೇರಿಸಿದಳು. ಮೂರು ವರ್ಷಕ್ಕೆ ಆ ದುಡ್ಡೂ ನಿಂತಿತು, ಕಲಿಕೆಯೂ ಅರ್ಧಕ್ಕೇ ನಿಂತಿತು. ಕಾಗದದ ಮೇಲೆ ಯಾವ ಅರ್ಹತೆಯೂ ಇಲ್ಲದ ಈ ಹುಡುಗ 1884ರಲ್ಲಿ ಗೆಳೆಯ ಅರ್ನೆಸ್ಟ್ ಕ್ಲೇರ್ಮಾಂಟ್‌ನ ಜೊತೆ ಮ್ಯಾಂಚೆಸ್ಟರಿನ ಕುಕ್ ಸ್ಟ್ರೀಟಿನಲ್ಲಿ ಸಣ್ಣದೊಂದು ವರ್ಕ್‌ಶಾಪ್ ತೆರೆದ. ಅಲ್ಲಿ ತಯಾರಾಗುತ್ತಿದ್ದದ್ದು ಮನೆಬಾಗಿಲಿನ ವಿದ್ಯುತ್ ಗಂಟೆ, ದೀಪದ ಬಿಡಿಭಾಗ, ಆಮೇಲೆ ಡೈನಮೊ, ಕ್ರೇನ್. ಜಗತ್ತಿನ ಅತಿ ದುಬಾರಿ ಕಾರುಗಳ ಮೇಲೆ ಕೆತ್ತಿರುವುದು ಇವನ ಹೆಸರು.

ಅವನು ಕಾರಿಗೆ ಕೈಹಾಕಿದ ಬಗೆಯನ್ನು ಗಮನಿಸು. ಹೊಸದೇನನ್ನೋ ಕಂಡುಹಿಡಿದು ಲೋಕವನ್ನು ಬೆರಗುಗೊಳಿಸುತ್ತೇನೆಂದು ಅವನು ಹೊರಡಲಿಲ್ಲ. ದೆಕೋವಿಲ್ ಎಂಬ ಫ್ರೆಂಚ್ ಕಾರೊಂದನ್ನು ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡ. ಆ ಕಾಲಕ್ಕೆ ಅದು ಒಳ್ಳೆಯ ಕಾರೇ. ಆದರೂ ಅದರ ಸದ್ದು, ಅದರ ಬಿಸಿ, ಅದರ ವಿದ್ಯುತ್ ಜೋಡಣೆ ಯಾವುದೂ ಅವನಿಗೆ ಒಪ್ಪಿಗೆಯಾಗಲಿಲ್ಲ. ಒಂದೊಂದೇ ಭಾಗವನ್ನು ಬಿಚ್ಚಿ ನೋಡಿದ, ಪ್ರತಿಯೊಂದನ್ನೂ ಇದಕ್ಕಿಂತ ಚೆನ್ನಾಗಿ ಮಾಡಬಹುದು ಎಂದುಕೊಂಡ, ಹಾಗೇ ಮಾಡಿದ. 1904ರ ಏಪ್ರಿಲ್ 1ರಂದು ಅವನ ಮೊದಲ ಎರಡು ಸಿಲಿಂಡರಿನ, 10 ಅಶ್ವಶಕ್ತಿಯ ಕಾರು ವರ್ಕ್‌ಶಾಪಿನಿಂದ ರಸ್ತೆಗಿಳಿಯಿತು. ನಿನ್ನ ಕೆಲಸದಲ್ಲೂ ಹೀಗೇ ಮಾಡು. ಎದುರಿಗಿರುವ ಒಳ್ಳೆಯದನ್ನು ಬಿಚ್ಚಿ ನೋಡು, ಎಲ್ಲಿ ಕಡಿಮೆ ಬಿದ್ದಿದೆ ಹುಡುಕು, ಅಷ್ಟನ್ನು ಸರಿಮಾಡು. ದೊಡ್ಡ ಹೆಸರುಗಳಲ್ಲಿ ಎಷ್ಟೋ ಹುಟ್ಟಿದ್ದು ಇಂಥ ತಾಳ್ಮೆಯ ರಿಪೇರಿಯಿಂದಲೇ.

ಇನ್ನು ಹೆಸರಿನ ಮೊದಲ ಅರ್ಧ. ಚಾರ್ಲ್ಸ್ ರೋಲ್ಸ್ ಶ್ರೀಮಂತ ಮನೆತನದ ಮಗ, ಕೇಂಬ್ರಿಡ್ಜಿನಲ್ಲಿ ಓದಿದವನು, ಹೊರದೇಶದ ಕಾರು ತರಿಸಿ ಲಂಡನ್ನಿನಲ್ಲಿ ಮಾರುತ್ತಿದ್ದವನು. ಹುಟ್ಟಿನಲ್ಲಿ, ಓದಿನಲ್ಲಿ, ನಡೆನುಡಿಯಲ್ಲಿ ಅವನಿಗೂ ರಾಯ್ಸ್‌ಗೂ ಅಜಗಜಾಂತರ. ಹೆನ್ರಿ ಎಡ್ಮಂಡ್ಸ್ ಎಂಬ ಪರಿಚಿತ ಇಬ್ಬರನ್ನೂ 1904ರ ಮೇ 4ರಂದು ಮ್ಯಾಂಚೆಸ್ಟರಿನ ಮಿಡ್‌ಲ್ಯಾಂಡ್ ಹೋಟೆಲಿನಲ್ಲಿ ಭೇಟಿ ಮಾಡಿಸಿದ. ರಾಯ್ಸ್ ಮಾಡಿದ ಕಾರಿನಲ್ಲಿ ಕೂತು ನೋಡಿದ ರೋಲ್ಸ್, ನೀನು ಮಾಡಿದಷ್ಟನ್ನೂ ನಾನು ಮಾರುತ್ತೇನೆ ಎಂದು ಒಪ್ಪಿಕೊಂಡ. 1906ರಲ್ಲಿ ಇಬ್ಬರ ಹೆಸರೂ ಕೂಡಿ ಕಂಪನಿಯಾಯಿತು. ಇಬ್ಬರ ನಡುವೆ ಕ್ಲಾಡ್ ಜಾನ್ಸನ್ ಎಂಬ ವ್ಯವಹಾರಸ್ಥನಿದ್ದ. ಹೆಸರಿನಲ್ಲಿ ಅವನಿಲ್ಲ, ಆದರೆ ಆ ಹೆಸರನ್ನು ಬೆಳೆಸಿದ್ದರಲ್ಲಿ ಅವನ ಪಾಲು ದೊಡ್ಡದು. ಮಾಡುವವನು, ಮಾರುವವನು, ನಿಭಾಯಿಸುವವನು ಮೂವರೂ ಬೇಕು. ನೀನು ಈ ಮೂವರಲ್ಲಿ ಯಾರು ಎಂದು ಬೇಗ ಅರಿತುಕೋ. ಉಳಿದಿಬ್ಬರನ್ನು ಹುಡುಕಿಕೊಂಡು ಗೌರವದಿಂದ ಜೊತೆಗಿಟ್ಟುಕೋ.

ಇಷ್ಟಾದರೂ ದಾರಿ ಹೂವಿನ ಹಾಸಿಗೆಯಾಗಿರಲಿಲ್ಲ. ಅವರು ಮೊದಲು ತಯಾರಿಸಿದ ಆರು ಸಿಲಿಂಡರಿನ ಎಂಜಿನ್ನುಗಳಲ್ಲಿ ಕ್ರ್ಯಾಂಕ್‌ಶಾಫ್ಟ್ ಮುರಿಯುತ್ತಿತ್ತು. ಕಾರಣವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಕಂಪನಿಯ ಮಾನ ನಿಂತಿದ್ದೇ ಇಲ್ಲಿ. ಆರು ಸಿಲಿಂಡರನ್ನು ಸಾಲಾಗಿ ಜೋಡಿಸಿದರೆ ಅವುಗಳ ಕೆಳಗಿನ ದಂಡ, ಅಂದರೆ ಕ್ರ್ಯಾಂಕ್‌ಶಾಫ್ಟ್, ಉದ್ದವಾಗಲೇಬೇಕು. ಒಂದೊಂದು ಸಿಲಿಂಡರಿನಲ್ಲಿ ಇಂಧನ ಉರಿದಾಗಲೂ ದಂಡಕ್ಕೆ ಒಂದು ಏಟು ಬೀಳುತ್ತದೆ. ಆ ಏಟಿಗೆ ಉದ್ದನೆಯ ಉಕ್ಕಿನ ದಂಡ ಒದ್ದೆಬಟ್ಟೆ ಹಿಂಡಿದ ಹಾಗೆ ಒಂದಿಷ್ಟು ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಒಂದು ನಿರ್ದಿಷ್ಟ ವೇಗದಲ್ಲಿ ಏಟಿನ ಲಯವೂ ತಿರುಚುವ ಲಯವೂ ಒಂದಾಗಿಬಿಟ್ಟರೆ ನಡುಕ ಹೆಚ್ಚುತ್ತಾ ಹೋಗಿ ಕೊನೆಗೆ ಉಕ್ಕೇ ತುಂಡಾಗುತ್ತದೆ. ರಾಯ್ಸ್ ಇದಕ್ಕೆ ತೇಪೆ ಹಚ್ಚಲಿಲ್ಲ. ಎಂಜಿನ್ನನ್ನು ಹೊಸದಾಗಿ ಯೋಚಿಸಿದ. ಎರಡೆರಡರ ಮೂರು ಜೋಡಿಯಾಗಿದ್ದ ಸಿಲಿಂಡರುಗಳು ಮೂರು ಮೂರರ ಎರಡು ಗುಂಪಾದವು. ದಂಡ ದಪ್ಪವಾಯಿತು, ಅದನ್ನು ಹೊರಲು ಏಳು ಬೇರಿಂಗುಗಳು ಬಂದವು, ಒಳಗೆ ಕೊರೆದ ದಾರಿಯಲ್ಲಿ ಒತ್ತಡದಿಂದ ಎಣ್ಣೆ ಹರಿಯಿತು. ಇದೇ 40/50 ಅಶ್ವಶಕ್ತಿಯ ಮಾದರಿ. ಇದರಲ್ಲಿ ಬೆಳ್ಳಿಬಣ್ಣ ಬಳಿದ ಒಂದು ಕಾರಿಗೆ ಜಾನ್ಸನ್ ‘ಸಿಲ್ವರ್ ಘೋಸ್ಟ್’ ಎಂದು ಹೆಸರಿಟ್ಟ. ಮುಂದೆ ಆ ಇಡೀ ಮಾದರಿಯೇ ಆ ಹೆಸರಿನಿಂದ ಪ್ರಸಿದ್ಧವಾಯಿತು.

ಕಾರು ಚೆನ್ನಾಗಿದೆ ಎಂದು ತಾವೇ ಹೇಳಿಕೊಂಡು ಸುಮ್ಮನಾಗಲಿಲ್ಲ ಅವರು. 1907ರಲ್ಲಿ ಆ ಬೆಳ್ಳಿಯ ಕಾರನ್ನು ಲಂಡನ್ ಮತ್ತು ಗ್ಲಾಸ್ಗೋ ನಡುವೆ ಹಗಲೂ ರಾತ್ರಿ ಓಡಿಸಿದರು. ಒಟ್ಟು 15,000 ಮೈಲಿ, ಅಂದರೆ ಸುಮಾರು 24,000 ಕಿಲೋಮೀಟರ್. ಪರೀಕ್ಷಕರು ರಾಯಲ್ ಆಟೊಮೊಬೈಲ್ ಕ್ಲಬ್ಬಿನವರು, ಅಂದರೆ ಹೊರಗಿನವರು. ಓಟ ಮುಗಿದ ಮೇಲೆ ಕಾರನ್ನು ಅವರ ಕಣ್ಣೆದುರೇ ಬಿಚ್ಚಿ ಪ್ರತಿ ಭಾಗವನ್ನೂ ಅಳೆದರು. ಸವೆದದ್ದನ್ನೆಲ್ಲ ಬದಲಿಸಲು ತಗಲುವ ಖರ್ಚು ಎರಡು ಪೌಂಡಿಗಿಂತ ತುಸು ಹೆಚ್ಚು, ಅಷ್ಟೇ. ‘ಜಗತ್ತಿನ ಅತ್ಯುತ್ತಮ ಕಾರು’ ಎಂಬ ಬಿರುದಿನ ಬೇರು ಇಲ್ಲಿದೆ. ಬಿರುದು ಆಮೇಲೆ ಬಂತು, ಪರೀಕ್ಷೆ ಮೊದಲು ನಡೆಯಿತು. ಈ ಕ್ರಮವನ್ನು ತಲೆಕೆಳಗು ಮಾಡುವವರು ಈಗ ಹೆಚ್ಚಾಗಿದ್ದಾರೆ. ನೀನು ಅವರಲ್ಲಿ ಒಬ್ಬನಾಗಬೇಡ.

ಹೆಸರು ಬಂದ ಮೇಲೆ ಸೋತರೆ? ಅದಕ್ಕೂ ಅವರಲ್ಲಿ ಪಾಠವಿದೆ. 1912ರಲ್ಲಿ ಆಸ್ಟ್ರಿಯಾದ ಆಲ್ಪ್ಸ್ ಪರ್ವತದ ಸ್ಪರ್ಧೆಯಲ್ಲಿ ಜೇಮ್ಸ್ ರ್ಯಾಡ್ಲಿ ಎಂಬಾತ ಓಡಿಸುತ್ತಿದ್ದ ರೋಲ್ಸ್‌ರಾಯ್ಸ್, ಕಾಟ್ಷ್‌ಬರ್ಗ್ ಎಂಬ ಕಡಿದಾದ ಘಾಟಿಯಲ್ಲಿ ಏರಲಾರದೆ ನಿಂತುಬಿಟ್ಟಿತು. ಮೂರು ಗೇರಿನ ಪೆಟ್ಟಿಗೆ ಆ ಏರಿಗೆ ಸಾಲಲಿಲ್ಲ. ಜಗತ್ತಿನ ಅತ್ಯುತ್ತಮ ಎನಿಸಿಕೊಂಡ ಕಾರಿಗೆ ಎಲ್ಲರೆದುರು ಆದ ಮುಖಭಂಗ ಅದು. ಕಂಪನಿ ರಸ್ತೆಯನ್ನು ದೂರಲಿಲ್ಲ. ನಾಲ್ಕು ಗೇರಿನ ಪೆಟ್ಟಿಗೆ ಮಾಡಿ, ಎಂಜಿನ್ನನ್ನು ಬಲಪಡಿಸಿ, ಮರುವರ್ಷ ಅದೇ ಸ್ಪರ್ಧೆಗೆ ಒಂದು ತಂಡವನ್ನೇ ಕಳಿಸಿತು. ಆ ತಂಡ ಆ ವರ್ಷ ಬಹುಮಾನಗಳನ್ನು ಬಾಚಿಕೊಂಡು ಬಂತು. ಸೋತ ಜಾಗಕ್ಕೇ ಮರುವರ್ಷ ತಯಾರಾಗಿ ಹೋಗುವ ಗುಣ ನಿನ್ನಲ್ಲಿ ಬೆಳೆಯಲಿ ಎಂಬುದು ನನ್ನ ಆಸೆ.

ಕೀರ್ತಿ ಬಂದ ಕಡೆ ಕಥೆಯೂ ಬರುತ್ತದೆ. ರೋಲ್ಸ್‌ರಾಯ್ಸ್ ಕಂಪನಿ ತನ್ನನ್ನು ಅವಮಾನಿಸಿತೆಂದು ಸಿಟ್ಟಾದ ಮಹಾರಾಜನೊಬ್ಬ ಆ ಕಾರುಗಳಿಂದ ಊರಿನ ಕಸ ಹೊರಿಸಿದ ಎಂಬ ಕಥೆ ನಿನ್ನ ಫೋನಿಗೂ ಬಂದಿರುತ್ತದೆ. ಒಬ್ಬರು ಅದನ್ನು ಅಲ್ವರಿನ ರಾಜನ ಹೆಸರಿನಲ್ಲಿ ಹೇಳುತ್ತಾರೆ, ಇನ್ನೊಬ್ಬರು ಪಟಿಯಾಲದ ರಾಜನದೆನ್ನುತ್ತಾರೆ, ಮತ್ತೊಬ್ಬರು ಹೈದರಾಬಾದಿನ ನಿಜಾಮರದೆನ್ನುತ್ತಾರೆ. ಒಂದೇ ಘಟನೆಯನ್ನು ಇಷ್ಟು ಜನರ ತಲೆಗೆ ಕಟ್ಟಿದ್ದಾರೆ ಎಂದರೆ ಅದನ್ನು ನಂಬುವ ಮೊದಲು ಪುರಾವೆ ಕೇಳಬೇಕು. ನಮ್ಮ ಆತ್ಮಾಭಿಮಾನಕ್ಕೆ ಹಿತವೆನಿಸಿದ ಮಾತ್ರಕ್ಕೆ ಕಥೆ ನಿಜವಾಗುವುದಿಲ್ಲ.

ನಮ್ಮ ಮೈಸೂರು ಅರಮನೆಯಲ್ಲೂ ರೋಲ್ಸ್‌ರಾಯ್ಸ್ ಕಾರುಗಳಿದ್ದವು, ಅದು ಕಥೆಯಲ್ಲ. ಆದರೆ ನಾಲ್ವಡಿ ಕೃಷ್ಣರಾಜ ಒಡೆಯರ ಫೋಟೊವನ್ನು ಮಂಡ್ಯದ ರೈತ ಮನೆಯಲ್ಲಿ ಇಟ್ಟುಕೊಂಡಿರುವುದು ಅವರ ಕಾರಿಗಾಗಿ ಅಲ್ಲ. ಕನ್ನಂಬಾಡಿ ಕಟ್ಟೆಯ ನೀರು ಅವನ ಗದ್ದೆಗೆ ಹರಿಯುತ್ತಿದೆ, ಅದಕ್ಕೆ. 1916ರಲ್ಲಿ ಶುರುವಾದ ಮೈಸೂರು ವಿಶ್ವವಿದ್ಯಾಲಯ ಇವತ್ತಿಗೂ ಮಕ್ಕಳಿಗೆ ಪಾಠ ಹೇಳುತ್ತಿದೆ, ಅದಕ್ಕೆ ನೆನೆಯುತ್ತೇವೆ. ಕಾರಿನಲ್ಲಿ ಬಂದವರನ್ನು ಜನ ಆ ಕ್ಷಣ ನೋಡುತ್ತಾರೆ. ಕೆಲಸ ಮಾಡಿ ಹೋದವರನ್ನು ತಲೆಮಾರುಗಳು ನೆನೆಯುತ್ತವೆ.

ಹೆಸರೊಂದೇ ಯಾರನ್ನೂ ಕಾಯುವುದಿಲ್ಲ ಎಂಬುದನ್ನೂ ಈ ಕಂಪನಿಯ ಚರಿತ್ರೆಯಲ್ಲೇ ನೋಡಬಹುದು. ರೋಲ್ಸ್ 1910ರಲ್ಲಿ ವಿಮಾನ ಅಪಘಾತದಲ್ಲಿ ಸತ್ತಾಗ ಅವನಿಗೆ 32 ವರ್ಷ. ರಾಯ್ಸ್ ಆರೋಗ್ಯ ಕೆಟ್ಟು, ಕಾರ್ಖಾನೆಯಿಂದ ದೂರವಿದ್ದುಕೊಂಡೇ ನಕ್ಷೆ ತಿದ್ದುತ್ತಾ 1933ರವರೆಗೆ ಬದುಕಿದ. ಅಷ್ಟರಲ್ಲಿ ಕಂಪನಿ ವಿಮಾನದ ಎಂಜಿನ್ನಿನಲ್ಲೂ ದೊಡ್ಡ ಹೆಸರು ಮಾಡಿತ್ತು. ಎರಡನೆಯ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನ ಹಾರಿದ್ದು ಇವರ ಮರ್ಲಿನ್ ಎಂಜಿನ್ನಿನಿಂದ. ಆದರೆ 1960ರ ದಶಕದ ಕೊನೆಗೆ ಲಾಕ್‌ಹೀಡ್ ಕಂಪನಿಗೆ ಆರ್‌ಬಿ211 ಎಂಬ ಹೊಸ ಜೆಟ್ ಎಂಜಿನ್ ಕೊಡುತ್ತೇವೆಂದು ನಿಗದಿತ ಬೆಲೆಗೆ ಒಪ್ಪಿಕೊಂಡುಬಿಟ್ಟರು. ಕಾರ್ಬನ್ ನಾರಿನ ಫ್ಯಾನ್ ಅಲಗು ಪಕ್ಷಿ ಬಡಿತದ ಪರೀಕ್ಷೆಯಲ್ಲಿ ಪುಡಿಯಾಯಿತು. ಖರ್ಚು ಅಂದಾಜು ಮೀರಿ ಬೆಳೆಯಿತು. 1971ರ ಫೆಬ್ರವರಿ 4ರಂದು ರೋಲ್ಸ್‌ರಾಯ್ಸ್ ದಿವಾಳಿ ಎಂದು ಘೋಷಣೆಯಾಯಿತು. ಸರಕಾರ ಅದನ್ನು ಕೈಗೆತ್ತಿಕೊಂಡು ಉಳಿಸಬೇಕಾಯಿತು. ಎಂಜಿನ್ ಕೊನೆಗೆ ಬಹಳ ಚೆನ್ನಾಗಿಯೇ ಬಂತು, ಲೆಕ್ಕ ತಪ್ಪಿದ್ದರಿಂದ ಕಂಪನಿ ಬಿತ್ತು. ಕೈಯಲ್ಲಿ ವಿದ್ಯೆಯಿದ್ದವನೂ ಲೆಕ್ಕಪುಸ್ತಕ ನೋಡಬೇಕು.

ದಿವಾಳಿಯ ನಂತರ 1973ರಲ್ಲಿ ಕಾರಿನ ವಿಭಾಗ ಬೇರೆ ಕಂಪನಿಯಾಯಿತು. ಹೀಗೆ ಒಂದೇ ಹೆಸರಿನ ಕಂಪನಿಗಳು ಎರಡಾದವು. ಬೆಂಗಳೂರಿನ ಎಚ್‌ಎಎಲ್ ಜಾಗ್ವಾರ್ ಯುದ್ಧವಿಮಾನಕ್ಕೆ ಪರವಾನಗಿ ಪಡೆದು ತಯಾರಿಸಿದ ಅಡೋರ್ ಎಂಜಿನ್ನಿನ ಹಿಂದಿರುವುದು ವಿಮಾನದ ರೋಲ್ಸ್‌ರಾಯ್ಸ್. ಕಾರು ಮಾಡುವುದು ಇನ್ನೊಂದು. 1998ರಲ್ಲಿ ಕಾರಿನ ಕಂಪನಿ ಮಾರಾಟಕ್ಕೆ ಬಂದಾಗ ಫೋಕ್ಸ್‌ವ್ಯಾಗನ್ 430 ದಶಲಕ್ಷ ಪೌಂಡ್ ಕೊಟ್ಟು ಕ್ರೂ ಪಟ್ಟಣದ ಕಾರ್ಖಾನೆಯನ್ನೂ ಬೆಂಟ್ಲಿಯನ್ನೂ ಪಡೆಯಿತು. ಆದರೆ ರೋಲ್ಸ್‌ರಾಯ್ಸ್ ಎಂಬ ಹೆಸರಿನ ಹಕ್ಕು ವಿಮಾನ ಎಂಜಿನ್ ಕಂಪನಿಯ ಕೈಯಲ್ಲಿತ್ತು. ಅದು 40 ದಶಲಕ್ಷ ಪೌಂಡಿಗೆ ಬಿಎಂಡಬ್ಲ್ಯೂ ಪಾಲಾಯಿತು. ಹಳೆಯ ಕಾರ್ಖಾನೆ, ಪಳಗಿದ ಕೆಲಸಗಾರರು ಒಂದು ಕಡೆಗೆ ಹೋದರು, ಹೆಸರು ಇನ್ನೊಂದು ಕಡೆಗೆ ಹೋಯಿತು. 2003ರಿಂದ ರೋಲ್ಸ್‌ರಾಯ್ಸ್ ಕಾರುಗಳು ತಯಾರಾಗುವುದು ಗುಡ್‌ವುಡ್ ಎಂಬಲ್ಲಿ ಬಿಎಂಡಬ್ಲ್ಯೂ ಕಟ್ಟಿದ ಹೊಸ ಕಾರ್ಖಾನೆಯಲ್ಲಿ. ಅವು ಒಳ್ಳೆಯ ಕಾರುಗಳೇ, ಅನುಮಾನವಿಲ್ಲ. ಆದರೂ ಹೆಸರನ್ನು ಹಣ ಕೊಟ್ಟು ಪಡೆಯಬಹುದು, ಆ ಹೆಸರಿಗೆ ತಕ್ಕ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡಿಯೇ ತೋರಿಸಬೇಕು ಎಂಬುದನ್ನು ಮರೆಯಬೇಡ.

ಕೊನೆಯದಾಗಿ ನಿನ್ನ ಜೇಬಿನ ವಿಷಯ. ರೋಲ್ಸ್‌ರಾಯ್ಸ್ ದೂರದ ಮಾತು ಎಂದು ಈಗ ಅನೇಕ ಹುಡುಗರು ಹತ್ತು ವರ್ಷ ಹಳೆಯ ಬೇರೆ ಐಷಾರಾಮಿ ಕಾರನ್ನು ಸಾಲ ಮಾಡಿ ತರುತ್ತಾರೆ. ಹೊಸದಾಗಿ ಎಪ್ಪತ್ತು ಲಕ್ಷ ಬಾಳುತ್ತಿದ್ದ ಕಾರು ಹನ್ನೆರಡು ಲಕ್ಷಕ್ಕೆ ಸಿಕ್ಕಿತೆಂದು ಹಿಗ್ಗುತ್ತಾರೆ. ಕಾರಿನ ಬೆಲೆ ಇಳಿದಿರಬಹುದು, ಅದರ ಬಿಡಿಭಾಗದ ಬೆಲೆ ಇಳಿದಿರುವುದಿಲ್ಲ. ಗಾಳಿಯ ಸಸ್ಪೆನ್ಷನ್, ಗೇರ್‌ಬಾಕ್ಸ್, ನಾಲ್ಕು ಟೈರು ಇವುಗಳ ದರವನ್ನು ಕೊಳ್ಳುವ ಮೊದಲೇ ಕೇಳಿ ಬರೆದುಕೋ. ಸರ್ವೀಸ್ ದಾಖಲೆ ಪೂರ್ತಿ ಇಲ್ಲದ ಕಾರಿನ ತಂಟೆಗೆ ಹೋಗಬೇಡ. ಆರ್‌ಸಿಯಲ್ಲಿ ಬ್ಯಾಂಕಿನ ಸಾಲದ ನಮೂದು ಉಳಿದಿದೆಯೇ ನೋಡು. ಕಾಲಡಿಯ ಕಾರ್ಪೆಟ್ ಎತ್ತಿ ಮೂಸು, ಸೀಟಿನ ಬೋಲ್ಟುಗಳಲ್ಲಿ ತುಕ್ಕಿದೆಯೇ ಪರೀಕ್ಷಿಸು. ಮುಗ್ಗಲು ವಾಸನೆ ಬಂದರೆ ಅದು ಮಳೆನೀರಿನಲ್ಲಿ ಮುಳುಗಿದ್ದ ಕಾರು ಎಂದೇ ಅನುಮಾನಿಸು. ಹಾಸಿಗೆ ಇದ್ದಷ್ಟೇ ಕಾಲು ಚಾಚು ಎಂಬ ಮಾತು ಹಳೆಯದಾದರೂ ಕಂತು ಕಟ್ಟುವ ತಿಂಗಳಲ್ಲಿ ಅದರಷ್ಟು ನಿಜವಾದದ್ದು ಇನ್ನೊಂದಿಲ್ಲ.

ಯೋಗವಿದ್ದು ಮುಂದೆ ಆ ಕಾರನ್ನೇ ಕೊಂಡರೆ ಸಂತೋಷದಿಂದ ಓಡಿಸು. ಅಲ್ಲಿಯವರೆಗೆ ಇವತ್ತು ನಿನ್ನ ಮೇಜಿನ ಮೇಲಿರುವ ಕೆಲಸವನ್ನು, ಅದು ಬಾಗಿಲಿನ ಗಂಟೆಯಷ್ಟು ಸಣ್ಣದಾಗಿದ್ದರೂ, ಇನ್ನೊಬ್ಬರು ಬಿಚ್ಚಿ ಅಳೆದು ನೋಡಿದರೂ ಕುಂದು ಸಿಗದಂತೆ ಮುಗಿಸು. ನಾಳೆಯಿಂದಲ್ಲ, ಇವತ್ತಿನಿಂದಲೇ ಶುರುಮಾಡು.