ಹಳೇ ಗೇಮ್ ಹೊಸ ಕನ್ಸೋಲ್‌ನಲ್ಲಿ ಓಡದಿದ್ದರೆ ದೂರು ಎಲ್ಲಿ, ಹೇಗೆ?

ಉದಾಹರಣೆಗೆ ಕೋಲಾರ ಜಿಲ್ಲೆಯ ನಂಗಲಿಯ ಒಂದು ಮನೆ ಎಂದುಕೊಳ್ಳೋಣ. ಮಗನ ಬಳಿ ಪ್ಲೇಸ್ಟೇಷನ್ 4ರ ಎಂಟು-ಹತ್ತು ಗೇಮ್ ಸಿ.ಡಿ.ಗಳಿವೆ. ಅಪ್ಪ ಗಡಿಯಾಚೆ ಆಂಧ್ರದ ಪಲಮನೇರಿನಿಂದ ಪ್ಲೇಸ್ಟೇಷನ್ 5 ತರುತ್ತಾರೆ. ‘ಹಳೇ ಸಿ.ಡಿ. ಎಲ್ಲಾ ಇದರಲ್ಲಿ ಓಡ್ತವೆ ಸಾರ್’ ಎಂದು ಅಂಗಡಿಯವರು ಭರವಸೆ ಕೊಟ್ಟಿರುತ್ತಾರೆ. ಮನೆಗೆ ಬಂದು ಡಬ್ಬಿ ಬಿಚ್ಚಿದರೆ ಸಿ.ಡಿ. ಹಾಕಲು ಜಾಗವೇ ಇಲ್ಲ; ಅದು ಡಿಜಿಟಲ್ ಎಡಿಷನ್. ವಾಪಸ್ ಒಯ್ದರೆ, ‘ಸೀಲ್ ಒಡೆದಿದೆ, ತಗೊಳ್ಳಲ್ಲ’ ಎನ್ನುತ್ತಾರೆ. ಇಂಥ ಗ್ರಾಹಕನಿಗೆ ಕಾನೂನಿನ ನೆರವಿದೆಯೇ? ಇದೆ. ಆದರೆ ಯಾರು ಏನು ಹೇಳಿದ್ದರು ಎಂಬುದರ ಮೇಲೆ ಅದು ನಿಂತಿದೆ.

ಕಂಪನಿಗಳು ಹೇಳಿದ್ದೇನು?

ಪ್ಲೇಸ್ಟೇಷನ್ 5 ಭಾರತದ ಮಾರುಕಟ್ಟೆಗೆ ಬಂದದ್ದು 2021ರ ಫೆಬ್ರುವರಿ 2ರಂದು. ಅದಕ್ಕೂ ಮುಂಚೆ, 2020ರ ಅಕ್ಟೋಬರ್‌ನಲ್ಲೇ, ಪ್ಲೇಸ್ಟೇಷನ್ 4ರ 4,000ಕ್ಕೂ ಹೆಚ್ಚು ಗೇಮ್‌ಗಳಲ್ಲಿ ಶೇ 99ರಷ್ಟು ಹೊಸದರಲ್ಲಿ ಓಡುತ್ತವೆ ಎಂದು ಸೋನಿ ಪ್ರಕಟಿಸಿತ್ತು. ಓಡದ ಕೆಲವು ಗೇಮ್‌ಗಳ ಪಟ್ಟಿಯನ್ನೂ ಕೊಟ್ಟಿತ್ತು. ಆದರೆ ಪ್ಲೇಸ್ಟೇಷನ್ 3 ಮತ್ತು ಅದಕ್ಕೂ ಹಿಂದಿನ ಡಿಸ್ಕ್‌ಗಳು ಇದರಲ್ಲಿ ಓಡುವುದಿಲ್ಲ. ಡಿಜಿಟಲ್ ಎಡಿಷನ್‌ನಲ್ಲಾಗಲಿ, ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ನಲ್ಲಾಗಲಿ ಡಿಸ್ಕ್ ಡ್ರೈವ್ ಇಲ್ಲ. 2025ರ ಜೂನ್ 5ರಂದು ಬಂದ ನಿಂಟೆಂಡೊ ಸ್ವಿಚ್ 2ರಲ್ಲಿ ‘ಗೇಮ್-ಕೀ ಕಾರ್ಡ್’ ಎಂಬ ಹೊಸ ಬಗೆಯೂ ಸೇರಿದೆ. ಆ ಕಾರ್ಡ್‌ನಲ್ಲಿ ಪೂರ್ತಿ ಗೇಮ್ ಇರುವುದಿಲ್ಲ, ಇಂಟರ್ನೆಟ್‌ನಿಂದ ಇಳಿಸಿಕೊಳ್ಳಬೇಕು. ಆ ಮಾತು ಡಬ್ಬಿಯ ಮುಖದ ಕೆಳಭಾಗದಲ್ಲಿ ಅಚ್ಚಾಗಿರುತ್ತದೆ.

ಕಂಪನಿ ಮಾತು ಬದಲಿಸಿದ್ದೂ ಉಂಟು. ‘ಹೊರೈಜನ್ ಫರ್ಬಿಡನ್ ವೆಸ್ಟ್’ ಗೇಮ್‌ನ ಪ್ಲೇಸ್ಟೇಷನ್ 4 ಪ್ರತಿ ಕೊಂಡವರಿಗೆ ಪ್ಲೇಸ್ಟೇಷನ್ 5ರ ಆವೃತ್ತಿ ಉಚಿತ ಎಂದು ಸೋನಿ 2020ರಲ್ಲಿ ಹೇಳಿತ್ತು. 2021ರ ಸೆಪ್ಟೆಂಬರ್‌ನಲ್ಲಿ ಸಾಮಾನ್ಯ ಆವೃತ್ತಿಗೆ ಆ ಸೌಲಭ್ಯವಿಲ್ಲ ಎಂದಿತು. ಹಳೆಯ ಪ್ರಕಟಣೆಯನ್ನು ಇಟ್ಟುಕೊಂಡು ಗ್ರಾಹಕರು ತಿರುಗಿಬಿದ್ದ ಮೇಲೆ, ಕೆಲವೇ ದಿನಗಳಲ್ಲಿ ಕೊಟ್ಟ ಮಾತಿಗೆ ಮರಳಿತು.

ಕಾನೂನು ಏನನ್ನುತ್ತದೆ?

ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಕಲಂ 2(47) ಅನುಚಿತ ವ್ಯಾಪಾರ ಪದ್ಧತಿಯನ್ನು ವಿವರಿಸುತ್ತದೆ. ವಸ್ತುವಿನ ಗುಣಮಟ್ಟ, ಮಾದರಿ, ಉಪಯೋಗದ ಬಗ್ಗೆ ಸುಳ್ಳು ಹೇಳುವುದು ಅದರಲ್ಲಿ ಸೇರಿದೆ. ಆ ಮಾತು ಬರಹದಲ್ಲೇ ಇರಬೇಕೆಂದಿಲ್ಲ. ಬಾಯಿಮಾತೂ ಲೆಕ್ಕಕ್ಕೆ ಬರುತ್ತದೆ. ಬಿಲ್ ಕೊಡದಿರುವುದೂ ಅನುಚಿತ ವ್ಯಾಪಾರವೇ. ದೋಷವಿರುವ ವಸ್ತುವನ್ನು ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ ಪಡೆಯಲು ಒಪ್ಪದಿರುವುದೂ ಅಷ್ಟೇ. ಮುಖ್ಯ ಮಾಹಿತಿಯನ್ನು ಬೇಕೆಂದೇ ಮುಚ್ಚಿಟ್ಟ ಜಾಹೀರಾತು ಕಲಂ 2(28)ರ ಪ್ರಕಾರ ದಾರಿ ತಪ್ಪಿಸುವ ಜಾಹೀರಾತು. ಜಾಹೀರಾತಿನ ಅಡಿಟಿಪ್ಪಣಿ ಮೇಲಿನ ಮಾತಿನ ಭಾಷೆಯಲ್ಲೇ ಇರಬೇಕು, ಆ ಮಾತಿಗೆ ವಿರುದ್ಧವಾಗಿರಬಾರದು ಎಂದು 2022ರ ಜೂನ್ 9ರ ಮಾರ್ಗಸೂಚಿ ಹೇಳುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಡಬ್ಬಿಯ ಮೇಲೆ ‘ಡಿಜಿಟಲ್ ಎಡಿಷನ್’ ಎಂದು ಕಂಪನಿ ಸ್ಪಷ್ಟವಾಗಿ ಅಚ್ಚು ಹಾಕಿದ್ದರೆ ಕಂಪನಿಯ ಮೇಲಿನ ದೂರು ನಿಲ್ಲುವುದು ಕಷ್ಟ. ಎಲ್ಲವೂ ಓಡುತ್ತದೆ ಎಂದು ನಂಬಿಸಿ ಮಾರಿದ ಅಂಗಡಿಯವರು ಮಾತ್ರ ಉತ್ತರ ಕೊಡಬೇಕಾಗುತ್ತದೆ. ಹಾಗಾಗಿ ಯಾರನ್ನು ಎದುರುದಾರರನ್ನಾಗಿ ಮಾಡಬೇಕೆಂದು ಯೋಚಿಸಿಯೇ ದೂರು ಬರೆಯಬೇಕು.

ಆಂಧ್ರದಲ್ಲಿ ಕೊಂಡರೂ ದೂರು ಕೋಲಾರದಲ್ಲಿ

ನಂಗಲಿಯಂಥ ಗಡಿ ಊರಿನವರಿಗೆ 2019ರ ಕಾಯ್ದೆ ತಂದ ದೊಡ್ಡ ಅನುಕೂಲ ಇದೇ. 1986ರ ಕಾಯ್ದೆಯ ಕಾಲದಲ್ಲಿ ಪಲಮನೇರಿನ ಅಂಗಡಿಯ ಮೇಲಿನ ದೂರಿಗೆ ಚಿತ್ತೂರಿಗೆ ಅಲೆಯಬೇಕಾಗುತ್ತಿತ್ತು. ಈಗ ಕಲಂ 34ರಂತೆ ದೂರುದಾರ ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಪಲಮನೇರು, ಬೆಂಗಳೂರು, ಚೆನ್ನೈ, ಆನ್‌ಲೈನ್, ಎಲ್ಲಿ ಕೊಂಡಿದ್ದರೂ ಕೋಲಾರದ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋಗಲು ಅಡ್ಡಿಯಿಲ್ಲ.

ಹೆಜ್ಜೆಗಳು

1. ಮೊದಲು ಅಂಗಡಿಗೆ, ಕಂಪನಿಗೆ ಲಿಖಿತವಾಗಿ ತಿಳಿಸಿ. ಆನ್‌ಲೈನ್ ಖರೀದಿಯಾದರೆ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಅವರು 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಿ, ಒಂದು ತಿಂಗಳಲ್ಲಿ ಇತ್ಯರ್ಥ ಮಾಡಬೇಕು.

2. ಪ್ರಯೋಜನವಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಎಷ್ಟೋ ತಕರಾರುಗಳು ಇಲ್ಲೇ ಮುಗಿಯುತ್ತವೆ.

3. ಅಲ್ಲಿಯೂ ಬಗೆಹರಿಯದಿದ್ದರೆ ಜಿಲ್ಲಾ ಆಯೋಗ. ಕೊಟ್ಟ ಬೆಲೆ ₹50 ಲಕ್ಷದವರೆಗಿನ ವ್ಯಾಜ್ಯ ಇಲ್ಲಿಗೆ ಬರುತ್ತದೆ. ₹5 ಲಕ್ಷದವರೆಗೆ ಶುಲ್ಕವಿಲ್ಲ. 2025ರ ಜನವರಿ 1ರಂದು ಶುರುವಾದ ಇ-ಜಾಗೃತಿ ತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು. ವಕೀಲರು ಕಡ್ಡಾಯವಲ್ಲ. ಕಾನೂನು ನೆರವು ಬೇಕಿದ್ದವರು 15100ಕ್ಕೆ ಕರೆ ಮಾಡಬಹುದು.

4. ತೊಂದರೆಯಾದ ದಿನದಿಂದ 2 ವರ್ಷದೊಳಗೆ ದೂರು ಕೊಡಬೇಕು. ಆಯೋಗದ ಆದೇಶ ಒಪ್ಪಿಗೆಯಾಗದಿದ್ದರೆ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ.

ಗೇಮ್ ಸೆಂಟರ್ ಇಟ್ಟುಕೊಂಡು ಸ್ವಂತ ದುಡಿಮೆಯಿಂದ ಬದುಕು ಸಾಗಿಸುವ ಯುವಕರೂ ಕಾಯ್ದೆಯ ದೃಷ್ಟಿಯಲ್ಲಿ ಗ್ರಾಹಕರೇ. ಆದರೆ ಮಾರಾಟಕ್ಕೆಂದು ಕೊಂಡವರು ಗ್ರಾಹಕರಲ್ಲ.

ಕೊಳ್ಳುವ ಮುನ್ನ

ಡಬ್ಬಿಯ ಮೇಲೆ ಆಮದುದಾರರ ಹೆಸರು, ವಿಳಾಸ, ಎಂ.ಆರ್.ಪಿ. ಇದೆಯೇ ನೋಡಿ. ಇವು ಕಡ್ಡಾಯ, ಇಲ್ಲದಿದ್ದರೆ ಮಾಲು ಅಡ್ಡದಾರಿಯಲ್ಲಿ ಬಂದಿರಬಹುದು, ಇಲ್ಲಿನ ವಾರಂಟಿ ಸಿಗದೇ ಹೋಗಬಹುದು. 2024ರ ನವೆಂಬರ್‌ನಲ್ಲಿ ಹೊರದೇಶಗಳಲ್ಲಿ ಬಿಡುಗಡೆಯಾದ ಪ್ಲೇಸ್ಟೇಷನ್ 5 ಪ್ರೊ, ವೈಫೈ ತರಂಗಾಂತರಕ್ಕೆ ಇಲ್ಲಿ ಅನುಮತಿ ಇಲ್ಲದ ಕಾರಣ, ಆಗ ಭಾರತಕ್ಕೆ ಬರಲೇ ಇಲ್ಲ. ಅಂಥದ್ದನ್ನು ಯಾರಾದರೂ ತೋರಿಸಿದರೆ ಎರಡು ಸಲ ಯೋಚಿಸಿ.

ನಿಮ್ಮ ಬಳಿಯ ಗೇಮ್‌ಗಳ ಹೆಸರು ಬರೆದುಕೊಂಡು ಹೋಗಿ. ‘ಇವೆಲ್ಲ ಓಡುತ್ತವೆ’ ಎಂದು ಅಂಗಡಿಯವರು ಹೇಳಿದರೆ, ಅದೇ ಮಾತನ್ನು ಮಾದರಿ ಸಂಖ್ಯೆಯ ಜೊತೆ ಬಿಲ್‌ನಲ್ಲಿ ಬರೆದು ಸಹಿ ಹಾಕಲು ಕೇಳಿ. ಬಾಯಿಮಾತಿಗೂ ಕಾನೂನಿನಲ್ಲಿ ಬೆಲೆಯಿದೆ ನಿಜ, ಆದರೆ ಆಯೋಗದ ಮುಂದೆ ಅದನ್ನು ಸಾಬೀತು ಮಾಡಬೇಕಾದವರು ನೀವೇ. ಬರೆದುಕೊಡಲು ಹಿಂಜರಿಯುವ ಅಂಗಡಿಯಲ್ಲಿ ಕೊಳ್ಳಬೇಡಿ.