ಸೀತಾಳೆ ದಂಡೆ

ಮುಂಗಾರಿನ ಮೊದಲ ಮಳೆ ಬೀಳುವ ಹೊತ್ತಿಗೆ ಮಲೆನಾಡಿನ ಹಳೆಯ ಮರಗಳ ಕೊಂಬೆಗಳಲ್ಲಿ ಅಪೂರ್ವವಾದ ಸೊಬಗೊಂದು ಮೂಡುತ್ತದೆ. ಬಿಳುಪಿನ ಮೇಲೆ ನಸುಗೆಂಪು ಚುಕ್ಕೆಗಳನ್ನು ಚಿಮುಕಿಸಿದಂತಿರುವ ನೂರಾರು ಪುಟ್ಟ ಹೂಗಳು ಒತ್ತೊತ್ತಾಗಿ ಸೇರಿ, ನೀಳವಾದ ಗೊಂಚಲಾಗಿ ಕೆಳಕ್ಕೆ ಇಳಿಬೀಳುತ್ತವೆ. ಯಾರೋ ಕುಶಲರು ಕಟ್ಟಿ ತೂಗುಹಾಕಿದ ಹೂವಿನ ದಂಡೆಯೇ ಇದು ಎಂಬ ಭ್ರಮೆಯುಂಟಾಗುತ್ತದೆ. ವನವಾಸದ ಕಾಲದಲ್ಲಿ ಸೀತಾದೇವಿ ಮುಡಿದ ಹೂವಿದು ಎಂದು ನಂಬಿದ ನಮ್ಮ ಜನ ಇದನ್ನು ಸೀತಾಳೆ ದಂಡೆ ಎಂದು ಕರೆದರು. ಅಸ್ಸಾಮಿನಲ್ಲಿ ಇದೇ ಹೂವಿಗೆ ಕಪೌ ಫೂಲ್ ಎಂದು ಹೆಸರು. ಅಲ್ಲಿ ಬಿಹು ಹಬ್ಬದಲ್ಲಿ ನರ್ತಿಸುವ ಯುವತಿಯರು ಇದನ್ನು ಮುಡಿಗೇರಿಸುತ್ತಾರೆ. ಅಸ್ಸಾಂ ಮತ್ತು ಅರುಣಾಚಲ ಪ್ರದೇಶಗಳೆರಡೂ ಇದನ್ನು ತಮ್ಮ ರಾಜ್ಯಪುಷ್ಪವಾಗಿ ಸ್ವೀಕರಿಸಿವೆ.

ಸೀತಾಳೆಯು ಆರ್ಕಿಡ್ ಕುಟುಂಬಕ್ಕೆ ಸೇರಿದ ಸಸ್ಯ. ಜಗತ್ತಿನಲ್ಲಿ ಈ ಕುಟುಂಬದ ಸುಮಾರು 28,000 ಪ್ರಭೇದಗಳಿವೆ. ಭಾರತದಲ್ಲಿಯೇ ಸುಮಾರು 1,250 ಪ್ರಭೇದಗಳನ್ನು ಗುರುತಿಸಲಾಗಿದೆ. 1753ರಲ್ಲಿ ಲಿನೇಯಸನು ಸೀತಾಳೆಗೆ ಶಾಸ್ತ್ರೀಯ ನಾಮಕರಣ ಮಾಡಿದಾಗ, ‘ಮರದ ಮೇಲಿರುವುದು’ ಎಂಬ ಅರ್ಥದ ‘ಎಪಿಡೆಂಡ್ರಮ್’ ಗುಂಪಿಗೆ ಅದನ್ನು ಸೇರಿಸಿದನು. ಈಗ ಅದರ ಹೆಸರು ‘ರಿಂಕೋಸ್ಟೈಲಿಸ್ ರೆಟ್ಯೂಸ’.

ಮರದ ಮೇಲೆ ಬೆಳೆಯುವುದರಿಂದ ಇದೂ ಬಂದಳಿಕೆಯಂತೆ ಮರದ ಸತ್ವವನ್ನು ಹೀರುತ್ತದೆಂದು ಹಲವರು ಭಾವಿಸುವುದುಂಟು. ಅದು ನಿಜವಲ್ಲ. ಬಂದಳಿಕೆ ತನ್ನ ಬೇರನ್ನು ಮರದ ಒಡಲೊಳಕ್ಕೆ ಇಳಿಸುತ್ತದೆ. ಸೀತಾಳೆಯಾದರೋ ತೊಗಟೆಯನ್ನು ಅಪ್ಪಿಕೊಳ್ಳುತ್ತದೆಯಲ್ಲದೆ ಮರದಿಂದ ಆಹಾರವನ್ನು ಕಸಿಯುವುದಿಲ್ಲ. ಅದರ ದಪ್ಪ ಬೇರುಗಳ ಮೇಲೆ ಸ್ಪಂಜಿನಂಥ ಹೊದಿಕೆಯಿದೆ. ಮಳೆಯ ನೀರನ್ನೂ ತೊಗಟೆಯ ಮೇಲಿಂದ ಹರಿದುಬರುವ ಅಲ್ಪಸ್ವಲ್ಪ ಲವಣಗಳನ್ನೂ ಈ ಹೊದಿಕೆ ಹೀರಿಕೊಳ್ಳುತ್ತದೆ. ಮಳೆ ನಿಂತೊಡನೆ ಗಾಳಿಗೆ ಬೇರು ಒಣಗುತ್ತದೆ. ಹೀಗೆ ನೆನೆಯುವುದು, ಒಣಗುವುದು, ಮತ್ತೆ ನೆನೆಯುವುದು ಅದರ ಬಾಳಿನ ಕ್ರಮ.

ಈ ಕ್ರಮವನ್ನು ಅರಿಯದೆ ಆರ್ಕಿಡ್ ಬೆಳೆಸಹೊರಟರೆ ಏನಾಗುತ್ತದೆಂಬುದಕ್ಕೆ ಇತಿಹಾಸದಲ್ಲಿ ನಿದರ್ಶನವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಸಿರಿವಂತರಿಗೆ ಆರ್ಕಿಡ್ ಸಂಗ್ರಹದ ಹುಚ್ಚು ಹಿಡಿಯಿತು. ಉಷ್ಣವಲಯದ ಕಾಡುಗಳಿಂದ ಹಡಗುಗಟ್ಟಲೆ ಗಿಡಗಳು ಅಲ್ಲಿಗೆ ಸಾಗಿದವು. ಅವುಗಳನ್ನು ಪಡೆಯುವುದಕ್ಕಾಗಿ ದೊಡ್ಡ ದೊಡ್ಡ ಮರಗಳನ್ನೇ ಕಡಿದು ಕೆಡವಿದರು. ಉಷ್ಣವಲಯದ ಗಿಡವೆಂದರೆ ಸದಾ ಬಿಸಿಯೂ ತೇವವೂ ಬೇಕೆಂದು ತಿಳಿದು, ಗಾಳಿಯಾಡದ ಗಾಜಿನ ಮನೆಗಳಲ್ಲಿ ಅವುಗಳನ್ನಿರಿಸಿದರು. ಅಲ್ಲಿ ಅಸಂಖ್ಯಾತ ಗಿಡಗಳು ಕೊಳೆತು ಸತ್ತವು. ಆ ಗಿಡಗಳಿಗೆ ಬಿಸಿಯೊಡನೆ ಗಾಳಿಯೂ ಬೇಕಿತ್ತು.

ಆದುದರಿಂದ ಮನೆಯಲ್ಲಿ ಸೀತಾಳೆಯನ್ನು ಬೆಳೆಸುವವರು ಮೊದಲು ಮಣ್ಣನ್ನು ಮರೆಯಬೇಕು. ಮಣ್ಣು ತುಂಬಿದ ಕುಂಡದಲ್ಲಿ ಅದರ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಮರದ ಪಟ್ಟಿಗಳಿಂದ ಮಾಡಿದ ತೆರಪುಳ್ಳ ಬುಟ್ಟಿಯಲ್ಲಿ ಇದ್ದಿಲು ಮತ್ತು ಇಟ್ಟಿಗೆಯ ಚೂರುಗಳನ್ನು ಹಾಕಿ, ಅವುಗಳ ನಡುವೆ ಗಿಡವನ್ನು ನಿಲ್ಲಿಸಿ ತೂಗುಹಾಕುವುದು ಒಳ್ಳೆಯದು. ಅಂಗಳದಲ್ಲಿ ಮಾವಿನ ಮರವಿದ್ದರೆ ತೆಂಗಿನ ನಾರಿನಿಂದ ಅದರ ಕೊಂಬೆಗೆ ಕಟ್ಟಬಹುದು. ಕೆಲವು ತಿಂಗಳಲ್ಲಿ ಬೇರುಗಳು ತಾವಾಗಿಯೇ ತೊಗಟೆಯನ್ನು ಹಿಡಿಯುತ್ತವೆ.

ಬೆಳಕು ಎಲೆಗಳ ನಡುವೆ ಸೋಸಿ ಬಂದಂತಿರಬೇಕು. ಪೂರ್ವದಿಕ್ಕಿನ ಜಗಲಿಯಾಗಲಿ ಕಿಟಕಿಯಾಗಲಿ ಇದಕ್ಕೆ ತಕ್ಕುದು. ಎಲೆ ಕಡುಹಸುರಾಗಿ ಗಿಡ ಹೂಬಿಡದಿದ್ದರೆ ಬೆಳಕು ಸಾಲದೆಂದೂ, ಎಲೆ ಹಳದಿಯಾಗಿ ಸುಟ್ಟ ಕಲೆಗಳು ಕಂಡರೆ ಬಿಸಿಲು ಮಿತಿಮೀರಿದೆಯೆಂದೂ ತಿಳಿಯಬೇಕು. ನೀರಿನ ಅಗತ್ಯವನ್ನು ಬೇರೇ ಹೇಳುತ್ತದೆ. ನೆನೆದ ಬೇರು ಹಸುರಾಗಿಯೂ ಒಣಗಿದ ಬೇರು ಬೆಳ್ಳಿಯಂತೆ ಬೆಳ್ಳಗೂ ಕಾಣುತ್ತದೆ. ಬೆಳ್ಳಗಾದ ಮೇಲೆಯೇ, ಅದೂ ಬೆಳಗಿನ ಹೊತ್ತಿನಲ್ಲಿ, ನೀರು ಚಿಮುಕಿಸಬೇಕು. ಎಲೆಗಳ ನಡುವಿನ ಸುಳಿಯಲ್ಲಿ ರಾತ್ರಿಯೆಲ್ಲ ನೀರು ನಿಂತರೆ ಗಿಡ ಕೊಳೆಯುವ ಅಪಾಯವಿದೆ. ಬೆಳವಣಿಗೆಯ ಕಾಲದಲ್ಲಿ ಗೊಬ್ಬರವನ್ನು ಬಹಳ ತೆಳುವಾಗಿ ನೀರಿನಲ್ಲಿ ಕರಗಿಸಿ ಕೊಡಬಹುದು. ಚಳಿಗಾಲದಲ್ಲಿ ಗಿಡ ವಿಶ್ರಮಿಸುವುದರಿಂದ ಆಗ ನೀರನ್ನು ಕಡಿಮೆ ಮಾಡಿ, ಗೊಬ್ಬರವನ್ನು ನಿಲ್ಲಿಸಬೇಕು.

ಇಷ್ಟೆಲ್ಲ ತಿಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಗಿಡವನ್ನು ಎಲ್ಲಿಂದ ತರಬೇಕು? ಕಾಡಿನ ಮರದಿಂದ ಕಿತ್ತು ತರುವುದು ಸುಲಭವೆನಿಸಬಹುದು. ಆದರೆ ಆ ಸ್ಥಳದಲ್ಲಿ ಇನ್ನೊಂದು ಸೀತಾಳೆ ಹುಟ್ಟುವುದು ಸುಲಭವಲ್ಲ. ಆರ್ಕಿಡ್ಡಿನ ಬೀಜ ಧೂಳಿನಷ್ಟು ಸೂಕ್ಷ್ಮವಾದುದು. ಮೊಳಕೆಯನ್ನು ಪೋಷಿಸುವ ಆಹಾರದ ಸಂಗ್ರಹ ಅದರಲ್ಲಿಲ್ಲ. ತಕ್ಕ ಶಿಲೀಂಧ್ರವೊಂದು ಜೊತೆಗೂಡಿ ಆಹಾರವನ್ನು ಒದಗಿಸಿದರೆ ಮಾತ್ರ ಅದು ಮೊಳೆಯುತ್ತದೆ. ಈ ರಹಸ್ಯವನ್ನು ಫ್ರಾನ್ಸಿನ ನೊಯೆಲ್ ಬರ್ನಾರ್ 1899ರಲ್ಲಿ ಹೊರಗೆಡವಿದನು. ಕಾಯಿಯೊಂದರಲ್ಲಿ ಅಪಾರ ಸಂಖ್ಯೆಯ ಬೀಜಗಳಿದ್ದರೂ ಗಿಡವಾಗುವುವು ಬೆರಳೆಣಿಕೆಯಷ್ಟು. ಮೊಳೆತ ಸಸಿ ಹೂಬಿಡುವುದಕ್ಕೂ ಹಲವು ವರ್ಷಗಳು ಬೇಕು. ಹೂವಿನ ಆಸೆಗಾಗಿ ಕೊಂಬೆಯನ್ನೇ ಮುರಿದು ತಂದವರು ಅಷ್ಟು ವರ್ಷಗಳ ಬೆಳವಣಿಗೆಯನ್ನು ಒಂದು ಗಳಿಗೆಯಲ್ಲಿ ಅಳಿಸಿದಂತಾಗುತ್ತದೆ.

ಈಗ ಹಾಗೆ ಮಾಡಬೇಕಾದ ಅಗತ್ಯವೂ ಇಲ್ಲ. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಸಕ್ಕರೆ ಬೆರೆಸಿದ ಪೋಷಕ ದ್ರವ್ಯದಲ್ಲಿ, ಶಿಲೀಂಧ್ರದ ನೆರವಿಲ್ಲದೆಯೇ, ಆರ್ಕಿಡ್ ಬೀಜಗಳನ್ನು ಮೊಳೆಯಿಸುವ ವಿಧಾನವನ್ನು ಪ್ರಕಟಿಸಿದನು. ಅಂಥ ವಿಧಾನಗಳಿಂದ ಬೆಳೆಸಿದ ಸಸಿಗಳು ಇಂದು ಸಸ್ಯಾಗಾರಗಳಲ್ಲಿ ದೊರೆಯುತ್ತವೆ. 1975ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದವೊಂದರಂತೆ ಆರ್ಕಿಡ್ ಕುಟುಂಬದ ಎಲ್ಲ ಸಸ್ಯಗಳ ವಿದೇಶ ವ್ಯಾಪಾರವೂ ನಿಯಂತ್ರಣಕ್ಕೆ ಒಳಪಟ್ಟಿದೆ. ಭಾರತವೂ ಈ ಒಪ್ಪಂದವನ್ನು ಅಂಗೀಕರಿಸಿದೆ.

ಆದರೆ ಕಾಯಿದೆ ಕಾಡಿನ ಪ್ರತಿಯೊಂದು ಕೊಂಬೆಯನ್ನೂ ಕಾಯಲಾರದು. ಕಾಯಬೇಕಾದುದು ಹೂವನ್ನು ಮೆಚ್ಚುವವರ ವಿವೇಕ. ಸಸ್ಯಾಗಾರದಿಂದ ತಂದ ಒಂದು ಸಸಿಯನ್ನು ತಾಳ್ಮೆಯಿಂದ ಸಾಕಿದವನಿಗೆ, ಕಾಡಿನ ಸೀತಾಳೆ ಎಷ್ಟು ಮಳೆಗಾಲಗಳನ್ನು ಕಂಡು ಹೂವಾಯಿತೆಂಬುದು ತಿಳಿಯುತ್ತದೆ. ಆ ಅರಿವುಳ್ಳವನ ಕೈ ಅದನ್ನು ಕೀಳಲು ಏಳುವುದಿಲ್ಲ.